200 ರೂಪಾಯಿ ಟಿಕೆಟ್: ಪರದೆ ಅಳೆಯದೆ ಸೀಟು ಎಣಿಸಿದ ನಿಯಮ

ಸಿನಿಮಾ ಟಿಕೆಟ್ 200 ರೂಪಾಯಿ ದಾಟುವಂತಿಲ್ಲ ಎಂದು ಸರ್ಕಾರ ಹೇಳಿದ್ದು ಎಲ್ಲರಿಗೂ ನೆನಪಿದೆ. ಆದರೆ ದೊಡ್ಡ ಚಿತ್ರವೊಂದು ಬಿಡುಗಡೆಯಾದ ವಾರಾಂತ್ಯ ಕೋರಮಂಗಲದಲ್ಲೋ ವೈಟ್‌ಫೀಲ್ಡ್‌ನಲ್ಲೋ ಟಿಕೆಟ್ ಹುಡುಕಿದರೆ ಮೊಬೈಲಿನಲ್ಲಿ ಐನೂರು, ಆರುನೂರು ಎಂದೇ ಕಾಣುತ್ತದೆ. ಸರ್ಕಾರ ಸುಳ್ಳು ಹೇಳಿತೇ, ಚಿತ್ರಮಂದಿರದವರು ಆದೇಶ ಮೀರಿದರೇ? ಎರಡೂ ಅಲ್ಲ. ನಿಯಮ ಬಂತು, ನ್ಯಾಯಾಲಯ ಅದನ್ನು ತಡೆಹಿಡಿಯಿತು, ತಡೆಗೊಂದು ಷರತ್ತು ಬಿತ್ತು, ಆ ಷರತ್ತಿಗೂ ಮತ್ತೊಂದು ತಡೆ ಬಂತು. ಈ ಗೋಜಲಿನಲ್ಲಿ ಒಂದು ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ: ಅಷ್ಟು ದುಡ್ಡು ಕೊಟ್ಟು ಕತ್ತಲಲ್ಲಿ ಎರಡೂವರೆ ಗಂಟೆ ಕೂರುವವರಿಗೆ ಸಿಗಬೇಕಾದದ್ದೇನು, ಅದು ಸಿಗುತ್ತಿದೆಯೇ?

ಇಲ್ಲಿಯವರೆಗೆ ಆದದ್ದು

2025ರ ಮಾರ್ಚ್‌ನಲ್ಲಿ ಬಜೆಟ್ ಮಂಡಿಸುವಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಈ ಮಿತಿಯನ್ನು ಪ್ರಕಟಿಸಿದರು. ಜುಲೈನಲ್ಲಿ ಕರಡು ಬಂತು, ಸೆಪ್ಟೆಂಬರ್ 12ರಂದು ಅಂತಿಮ ಅಧಿಸೂಚನೆ. ರಾಜ್ಯದ ಎಲ್ಲ ಚಿತ್ರಮಂದಿರಗಳಲ್ಲಿ, ಮಲ್ಟಿಪ್ಲೆಕ್ಸ್‌ಗಳೂ ಸೇರಿ, ಯಾವ ಭಾಷೆಯ ಚಿತ್ರವೇ ಆಗಲಿ, ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬುದು ಅದರ ಸಾರ. ಜೊತೆಗೆ ಒಂದು ವಿನಾಯಿತಿ: ಮಲ್ಟಿಪ್ಲೆಕ್ಸ್‌ಗಳಲ್ಲಿ ಪ್ರೀಮಿಯಂ ಸೌಲಭ್ಯವಿರುವ, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪರದೆಗಳಿಗೆ ಈ ಮಿತಿ ಇಲ್ಲ. ಸುದ್ದಿ ಓದಿದವರಲ್ಲಿ ಹೆಚ್ಚಿನವರು ಗಮನಿಸದೆ ದಾಟಿದ ಸಾಲು ಇದು. ಇಡೀ ನಿಯಮದ ದಿಕ್ಕು ಅಡಗಿರುವುದು ಇದರಲ್ಲೇ.

ಮಲ್ಟಿಪ್ಲೆಕ್ಸ್‌ಗಳ ಸಂಘ ಹೈಕೋರ್ಟಿಗೆ ಹೋಯಿತು. ದೊಡ್ಡ ಬಜೆಟ್‌ನ ಚಿತ್ರ ತೆಗೆಯುವ ಹೊಂಬಾಳೆ ಫಿಲ್ಮ್ಸ್ ಕೂಡ ಹೋಯಿತು. ಸೆಪ್ಟೆಂಬರ್ 23ರಂದು ಏಕಸದಸ್ಯ ಪೀಠ ಮಧ್ಯಂತರ ತಡೆ ನೀಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿದಾಗ ವಿಭಾಗೀಯ ಪೀಠ ತಡೆಯನ್ನು ತೆಗೆಯಲಿಲ್ಲ, ಆದರೆ ಒಂದು ಷರತ್ತು ಹಾಕಿತು: ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಬೇಕು. ಮುಂದೆ ಸರ್ಕಾರ ಗೆದ್ದರೆ ಹೆಚ್ಚುವರಿ ಪಡೆದ ಹಣವನ್ನು ಪ್ರೇಕ್ಷಕರಿಗೆ ಹಿಂತಿರುಗಿಸಲು ಅನುಕೂಲವಾಗಲಿ ಎಂಬುದು ಉದ್ದೇಶ. ಮಲ್ಟಿಪ್ಲೆಕ್ಸ್‌ನವರು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 3ರಂದು ಆ ಷರತ್ತಿಗೂ ತಡೆ ಸಿಕ್ಕಿತು. ತಡೆ ಕೊಡುತ್ತಲೇ ನ್ಯಾಯಪೀಠ, ನೀರಿನ ಬಾಟಲಿಗೆ ನೂರು, ಕಾಫಿಗೆ ಏಳುನೂರು ವಸೂಲು ಮಾಡಿದರೆ ಚಿತ್ರಮಂದಿರಗಳು ಖಾಲಿ ಬೀಳುತ್ತವೆ ಎಂದು ತರಾಟೆಗೆ ತೆಗೆದುಕೊಂಡಿತು. ಜನ ಹಂಚಿಕೊಂಡದ್ದು ಈ ಮಾತನ್ನು. ಆದೇಶ ಮಾತ್ರ ಮಲ್ಟಿಪ್ಲೆಕ್ಸ್‌ಗಳ ಪರವಾಗಿತ್ತು.

ತಡೆ ಎಂದರೆ ನಿಯಮ ರದ್ದಾಯಿತು ಎಂದಲ್ಲ. ಸರ್ಕಾರಕ್ಕೆ ಹೀಗೆ ದರ ಕಟ್ಟುವ ಅಧಿಕಾರ ಇದೆಯೇ ಎಂಬ ಮೂಲ ಪ್ರಶ್ನೆಗೆ ಈ ಮಧ್ಯಂತರ ಆದೇಶಗಳಲ್ಲಿ ಉತ್ತರ ಇಲ್ಲ. ಸಿನಿಮಾ ಮಂದಿರಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ, ಪಕ್ಕದ ತಮಿಳುನಾಡು, ಆಂಧ್ರಗಳಲ್ಲಿ ಸರ್ಕಾರವೇ ದರ ಗೊತ್ತುಮಾಡುತ್ತದೆ, ಸಿನಿಮಾ ಜನಸಾಮಾನ್ಯರ ಮನರಂಜನೆ ಎಂಬುದು ಸರ್ಕಾರದ ವಾದ. ರಾಜ್ಯದ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಇರುವುದು ಪರವಾನಗಿ, ಸುರಕ್ಷತೆಗಳಿಗೆ, ಅದನ್ನು ಹಿಡಿದು ದರ ಕಟ್ಟಿದರೆ ವ್ಯಾಪಾರದ ಮೂಲಭೂತ ಹಕ್ಕಿಗೆ ಧಕ್ಕೆ ಎಂಬುದು ಎದುರು ವಾದ. ಎರಡನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇದು ಮೊದಲ ಸಲವೂ ಅಲ್ಲ. 2017ರಲ್ಲಿ ಇದೇ ಸಿದ್ದರಾಮಯ್ಯ ಅವರ ಸರ್ಕಾರ ಇದೇ 200 ರೂಪಾಯಿಯ ಆದೇಶ ಹೊರಡಿಸಿತ್ತು, ಅದೂ ಕೋರ್ಟಿನ ಮೆಟ್ಟಿಲೇರಿ ನಿಲ್ಲದೆ ಹೋಯಿತು. ಒಂದು ವ್ಯತ್ಯಾಸ ಗಮನಿಸಬೇಕು. ಆಗಿನ ಆದೇಶ ದೈತ್ಯ ಪರದೆಯ ಐಮ್ಯಾಕ್ಸ್, ದೃಶ್ಯಕ್ಕೆ ತಕ್ಕಂತೆ ಕುರ್ಚಿ ಅಲುಗುವ 4ಡಿಎಕ್ಸ್ ಪರದೆಗಳನ್ನು ಮಿತಿಯಿಂದ ಹೊರಗಿಟ್ಟಿತ್ತು.

ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತದೆ

ಮಿತಿ ಜಾರಿಯಾದರೂ ಕೈಯಿಂದ ಹೋಗುವುದು 200 ಅಲ್ಲ. ನೂರು ರೂಪಾಯಿ ಮೀರಿದ ಟಿಕೆಟ್‌ಗೆ ಶೇ 18 ಜಿಎಸ್‌ಟಿ ಇದೆ, ಹಾಗಾಗಿ 236. ಮೊಬೈಲಿನಲ್ಲಿ ಕಾದಿರಿಸಿದರೆ ಆ್ಯಪ್‌ನವರ ಶುಲ್ಕ ಬೇರೆ. ನೂರರ ಒಳಗಿನ ಟಿಕೆಟ್‌ಗೆ ಇದ್ದ ಶೇ 12 ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಸಲಾಗಿದೆ. ಬೆಂಗಳೂರಿನ ಮಾಲ್‌ಗಳಲ್ಲಿ ನೂರರೊಳಗಿನ ಟಿಕೆಟ್ ಸಿಗುವುದು ಎಷ್ಟು ಅಪರೂಪ ಎಂದು ಬಲ್ಲವರಿಗೆ ಈ ಇಳಿಕೆ ಯಾಕೆ ಕೈಗೆ ತಟ್ಟಲಿಲ್ಲ ಎಂಬುದೂ ಗೊತ್ತು.

ತೆರಿಗೆ ಕಳೆದು ಉಳಿದದ್ದರಲ್ಲಿ ವಿತರಕರ ಪಾಲು ಇದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮುಷ್ಕರ ಹೂಡಿದ ನಂತರ ಮಲ್ಟಿಪ್ಲೆಕ್ಸ್‌ಗಳೊಂದಿಗೆ ಆದ ಒಪ್ಪಂದದಲ್ಲಿ ಮೊದಲ ವಾರ ಶೇ 50, ಆಮೇಲೆ 42.5, 37.5, 30 ಎಂದು ಇಳಿಯುವ ಲೆಕ್ಕ ಬಂತು. ಆ ಲೆಕ್ಕ ಹಿಡಿದರೆ ಮೊದಲ ವಾರ 200ರಲ್ಲಿ ಚಿತ್ರಮಂದಿರಕ್ಕೆ ಉಳಿಯುವುದು 100. ಮಾಲ್‌ನ ಬಾಡಿಗೆ, ಎಸಿ, ಕರೆಂಟು, ಸಿಬ್ಬಂದಿ ಎಲ್ಲ ಅದರಲ್ಲೇ ಆಗಬೇಕು. ಪಾಪ್‌ಕಾರ್ನ್ ದುಡ್ಡಿನಲ್ಲಿ ಮಾತ್ರ ನಿರ್ಮಾಪಕರಿಗೆ ಪಾಲಿಲ್ಲ, ಪೂರ್ತಿ ಮಂದಿರದ್ದೇ. ಕಾಫಿಯ ಬೆಲೆ ಗಗನಕ್ಕೇರಿದ್ದರ ಗುಟ್ಟು ಇದು: ಹಂಚಿಕೊಳ್ಳಬೇಕಾದ ಟಿಕೆಟ್‌ಗಿಂತ ಹಂಚಿಕೊಳ್ಳಬೇಕಿಲ್ಲದ ಕಾಫಿ ಅವರಿಗೆ ಲಾಭ. ಹೊರಗಿನ ತಿಂಡಿ ಒಳಗೆ ಬಿಡಬೇಕೇ ಬೇಡವೇ ಎಂಬುದು ಮಂದಿರದವರ ಹಕ್ಕು, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಇಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ಆ ನೀರು ಎಲ್ಲಿದೆ ಎಂದು ಹುಡುಕುವ ಕೆಲಸ ನಮ್ಮದು.

ಮೂರನೆಯ ಆದಾಯ ಜಾಹೀರಾತು. ಬೆಂಗಳೂರಿನ ಪ್ರೇಕ್ಷಕರೊಬ್ಬರು ಸಂಜೆ 4.05ರ ಪ್ರದರ್ಶನಕ್ಕೆ ಹೋದಾಗ ಚಿತ್ರ ಶುರುವಾದದ್ದು 4.30ಕ್ಕೆ. ಅವರು ಗ್ರಾಹಕರ ಆಯೋಗಕ್ಕೆ ದೂರಿದರು. 2025ರ ಫೆಬ್ರುವರಿಯಲ್ಲಿ ಆಯೋಗ ಮಲ್ಟಿಪ್ಲೆಕ್ಸ್ ಸಂಸ್ಥೆಗೆ ದಂಡ ಹಾಕಿ, ಚಿತ್ರ ನಿಜವಾಗಿ ಶುರುವಾಗುವ ಸಮಯವನ್ನೇ ಟಿಕೆಟ್‌ನಲ್ಲಿ ನಮೂದಿಸಬೇಕೆಂದಿತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಆ ಇಪ್ಪತ್ತೈದು ನಿಮಿಷ ಪ್ರೇಕ್ಷಕರದ್ದೋ ಮಂದಿರದ್ದೋ ಎಂಬುದು ಇನ್ನೂ ಇತ್ಯರ್ಥವಾಗದ ವ್ಯಾಜ್ಯ.

ಈಗ ಸರಪಳಿ ಕಾಣುತ್ತದೆ. ಟಿಕೆಟ್ ದರಕ್ಕೆ ಬೀಗ ಹಾಕಿ ಉಳಿದ ಎರಡನ್ನು ತೆರೆದಿಟ್ಟರೆ ಹೊರೆ ಅವುಗಳ ಮೇಲೆ ಬೀಳುತ್ತದೆ. ಕಾಫಿ ಇನ್ನಷ್ಟು ದುಬಾರಿಯಾಗಬಹುದು, ಜಾಹೀರಾತು ಇನ್ನಷ್ಟು ಉದ್ದವಾಗಬಹುದು. ಸಂಸಾರ ಸಮೇತ ಹೋಗುವವರ ಒಟ್ಟು ಖರ್ಚು ನಾವೆಣಿಸಿದಷ್ಟು ಇಳಿಯದು.

ಕತ್ತಲು, ಬೆಳಕು, ಸದ್ದು

ಈ ಇಡೀ ಜಗಳದಲ್ಲಿ ಯಾರೂ ಮಾತಾಡದ ವಿಷಯಕ್ಕೆ ಬರೋಣ. ಮನೆಯಲ್ಲಿ ದೊಡ್ಡ ಟಿವಿ ಇದೆ, ಬಿಡುಗಡೆಯಾದ ಒಂದೆರಡು ತಿಂಗಳಲ್ಲಿ ಚಿತ್ರವೂ ಅಲ್ಲೇ ಬರುತ್ತದೆ. ಹಾಗಿದ್ದೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೆವರಿಳಿಸಿ ಚಿತ್ರಮಂದಿರಕ್ಕೆ ಹೋಗುವುದೇಕೆ? ಚಿತ್ರದೊಳಗೆ ಮುಳುಗಿಹೋಗಲು. ಈ ಮುಳುಗುವಿಕೆ ಬರೀ ಮನಸ್ಸಿನ ಮಾತಲ್ಲ, ಅಳೆಯಬಹುದಾದ ಸಂಗತಿ.

ಮೊದಲನೆಯದು ಗಾತ್ರ. ಕೊನೆಯ ಸಾಲಿನಲ್ಲಿ ಕೂತವರ ಕಣ್ಣಿಗೂ ಪರದೆಯ ಅಗಲ ಕನಿಷ್ಠ 30 ಡಿಗ್ರಿ ಕೋನವನ್ನು ತುಂಬಬೇಕು ಎಂಬುದು ಉದ್ಯಮದಲ್ಲಿ ಹಳೆಯ ಶಿಫಾರಸು. ಹತ್ತು ಅಡಿ ದೂರದಿಂದ 55 ಇಂಚಿನ ಟಿವಿ ನೋಡಿದರೆ ಸಿಗುವುದು ಸುಮಾರು 23 ಡಿಗ್ರಿ. ಅಂದರೆ ಒಳ್ಳೆಯ ಚಿತ್ರಮಂದಿರದ ಕಟ್ಟಕಡೆಯ ಸೀಟು ಕೂಡ ಮನೆಯ ಸೋಫಾಕ್ಕಿಂತ ಮೇಲು. ಮಧ್ಯದ ಸಾಲಿನ ಮಾತೇ ಬೇರೆ: ಪರದೆಯ ಅಂಚು ಕಣ್ಣಂಚಿಗೆ ಸರಿದು, ಚೌಕಟ್ಟೊಂದಿದೆ ಎಂಬುದೇ ಮರೆತುಹೋಗುತ್ತದೆ.

ಎರಡನೆಯದು ಬೆಳಕು, ಇಲ್ಲೊಂದು ಸೋಜಿಗ. ಡಿಜಿಟಲ್ ಸಿನಿಮಾಕ್ಕೆ ಗೊತ್ತುಮಾಡಿದ ಪರದೆಯ ಪ್ರಕಾಶ 48 ನಿಟ್ಸ್ ಮಾತ್ರ. ಮನೆಯ ಟಿವಿ, ಕೈಯ ಮೊಬೈಲು ನೂರಾರು ನಿಟ್ಸ್ ಚೆಲ್ಲುತ್ತವೆ. ಅಷ್ಟು ಮಂದ ಬೆಳಕಿನ ಚಿತ್ರ ನಮಗೆ ಭವ್ಯವಾಗಿ ಕಾಣುವುದು ಸುತ್ತಲಿನ ಕತ್ತಲಿನಿಂದ. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಆ 48 ನಿಟ್ಸ್‌ನಲ್ಲೇ ನೆರಳಿನೊಳಗಿನ ನೆರಳೂ ಎದ್ದು ಕಾಣುತ್ತದೆ. ಹಾಗಾಗಿ ಮುಂದಿನ ಸಾಲಿನಲ್ಲಿ ಒಬ್ಬರು ವಾಟ್ಸ್ಆ್ಯಪ್ ತೆರೆದರೆ ಅದು ಬರೀ ಅಶಿಸ್ತಲ್ಲ. ಪರದೆಗಿಂತ ಎಷ್ಟೋ ಪಟ್ಟು ಪ್ರಖರವಾದ ದೀಪವೊಂದು ನಿಮ್ಮ ಕಣ್ಣೆದುರು ಹೊತ್ತಿಕೊಂಡಿರುತ್ತದೆ, ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಒಂದು ದೃಶ್ಯವೇ ಮುಗಿದಿರುತ್ತದೆ.

ಆ 48 ನಿಟ್ಸ್ ಕೂಡ ಎಲ್ಲ ಕಡೆ ಸಿಗುವುದಿಲ್ಲ. ಪ್ರೊಜೆಕ್ಟರಿನ ಕ್ಸೆನಾನ್ ದೀಪ ಉರಿದಷ್ಟೂ ಮಂಕಾಗುತ್ತದೆ. ಹೊಸ ದೀಪ ದುಬಾರಿ, ಬದಲಿಸುವುದನ್ನು ಮುಂದೂಡಿದಷ್ಟು ದಿನ ಉಳಿತಾಯ. ತ್ರೀಡಿಗೆಂದು ಹಾಕಿದ ಲೆನ್ಸನ್ನು ಸಾಮಾನ್ಯ ಚಿತ್ರಕ್ಕೂ ತೆಗೆಯದೆ ಬಿಡುವುದು ಇನ್ನೊಂದು ರೋಗ, ಅದರಿಂದ ಚಿತ್ರಕ್ಕೆ ಗ್ರಹಣ ಹಿಡಿದ ಹಾಗಾಗುತ್ತದೆ. ಕೆಲವು ಬಗೆಯ ಪ್ರೊಜೆಕ್ಟರುಗಳಲ್ಲಿ ಇದನ್ನು ಕೂತಲ್ಲೇ ಪತ್ತೆಮಾಡಬಹುದು. ಹಿಂತಿರುಗಿ ಪ್ರೊಜೆಕ್ಟರ್ ರೂಮಿನ ಕಿಂಡಿ ನೋಡಿ: ತ್ರೀಡಿ ಅಲ್ಲದ ಚಿತ್ರಕ್ಕೂ ಒಂದರ ಮೇಲೊಂದು ಎರಡು ಬೆಳಕಿನ ಕೋಲು ಹೊರಡುತ್ತಿದ್ದರೆ ಲೆನ್ಸ್ ಅಲ್ಲೇ ಕೂತಿದೆ ಎಂದರ್ಥ. ಇಂಟರ್ವಲ್‌ನಲ್ಲಿ ಮ್ಯಾನೇಜರನ್ನು ಕೇಳಬಹುದು. ಕೇಳುವವರು ಕಡಿಮೆ, ಏಕೆಂದರೆ ಚಿತ್ರವೇ ಹಾಗೆ ತೆಗೆದಿದ್ದಾರೆ ಎಂದುಕೊಂಡು ಸುಮ್ಮನಾಗುವವರು ಹೆಚ್ಚು. ಬೈಗುಳ ಛಾಯಾಗ್ರಾಹಕರಿಗೆ ಬೀಳುತ್ತದೆ.

ಮೂರನೆಯದು ಸದ್ದು. ಪಾತ್ರದ ಮಾತು ಅದರ ಬಾಯಿಂದಲೇ ಬಂದಂತೆ ಕೇಳುವುದು ಸ್ಪೀಕರುಗಳು ಪರದೆಯ ಹಿಂದೆ ಇರುವುದರಿಂದ. ಪರದೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಧ್ವನಿ ಅವುಗಳ ಮೂಲಕ ಹಾದು ಬರುತ್ತದೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ತಲೆಯ ಮೇಲಿನ ಛಾವಣಿಗೂ ಸ್ಪೀಕರು ತಂದಿತು. 64 ಸ್ಪೀಕರುಗಳವರೆಗೆ ಬೇರೆ ಬೇರೆ ಧ್ವನಿ ಕಳಿಸಬಲ್ಲ ಈ ವ್ಯವಸ್ಥೆಯಲ್ಲಿ ಮಳೆಹನಿ ಮೇಲಿಂದಲೇ ಬೀಳುತ್ತದೆ, ಹೆಲಿಕಾಪ್ಟರ್ ಬೆನ್ನ ಹಿಂದಿನಿಂದ ಬಂದು ತಲೆಯ ಮೇಲೆ ಹಾದುಹೋಗುತ್ತದೆ. ಮಿಕ್ಸಿಂಗ್ ಸ್ಟುಡಿಯೊದಲ್ಲಿ ಕೇಳಿದಂತೆಯೇ ಮಂದಿರದಲ್ಲೂ ಕೇಳಲಿ ಎಂದು ಧ್ವನಿಯ ಗುಂಡಿಗೆ 7 ಎಂಬ ಮಟ್ಟ ಗೊತ್ತುಮಾಡಿದ್ದಾರೆ. ಪಕ್ಕದ ಪರದೆಗೆ ಸದ್ದು ಸೋರುತ್ತದೆ, ಯಾರೋ ಕಿವಿ ನೋವು ಎಂದರು ಎಂಬ ಕಾರಣಕ್ಕೆ ಅದು 5ಕ್ಕೋ ಇನ್ನೂ ಕೆಳಕ್ಕೋ ಇಳಿದಿರುತ್ತದೆ. ಬಾಗಿಲ ಮೇಲೆ ಅಟ್ಮಾಸ್ ಎಂಬ ಬೋರ್ಡು ಹಾಗೇ ಇರುತ್ತದೆ.

ಇನ್ನು ಅಳತೆಗೆ ಸಿಗದ್ದು ಜನ. ಮೊದಲ ದಿನದ ಮೊದಲ ಪ್ರದರ್ಶನದಲ್ಲಿ ನಾಯಕ ಬರುವ ಹೊತ್ತಿಗೆ ಏಳುವ ಶಿಳ್ಳೆ, ಹಾಸ್ಯಕ್ಕೆ ಸಾಲಿನಿಂದ ಸಾಲಿಗೆ ಹಬ್ಬುವ ನಗು. ಇದಕ್ಕೆ ತಲೆಗಳು ಬೇಕು, ನೂರಾರು ತಲೆಗಳು. ಮನೆಯಲ್ಲೂ ಸಿಗದು, 60 ಸೀಟಿನ ಕೋಣೆಯಲ್ಲೂ ಸಿಗದು.

75 ಎಂಬ ಅಂಕಿಯ ಮಹಿಮೆ

ಈಗ ನಿಯಮದ ವಿನಾಯಿತಿಯನ್ನು ಮತ್ತೆ ಓದಿ. ಯಾವ ಪರದೆ ವಿಶೇಷ ಎಂದು ನಿರ್ಧರಿಸಲು ಅದು ಪರದೆಯ ಅಗಲ ಕೇಳುವುದಿಲ್ಲ, ಪ್ರಕಾಶ ಕೇಳುವುದಿಲ್ಲ, ಧ್ವನಿ ಕೇಳುವುದಿಲ್ಲ. ಸೀಟು ಎಷ್ಟು ಎಂದು ಕೇಳುತ್ತದೆ. ಇದರ ಫಲ ವಿಚಿತ್ರ. ಒರಗು ಕುರ್ಚಿ, ಕಂಬಳಿ, ಕರೆದರೆ ಬರುವ ವೇಟರ್ ಇರುವ ಸಣ್ಣ ಕೋಣೆಯಲ್ಲಿ ಎಷ್ಟು ಬೇಕಾದರೂ ದರ ಇಡಬಹುದು, ಅಲ್ಲಿನ ಪರದೆ ಚಿಕ್ಕದಾದರೂ ಸರಿ. ಬನ್ನೇರುಘಟ್ಟ ರಸ್ತೆಯ ವೇಗಾ ಸಿಟಿಯಲ್ಲಿರುವಂಥ ಐಮ್ಯಾಕ್ಸ್, ಅದಕ್ಕೆಂದೇ ಕಟ್ಟಿದ ದೊಡ್ಡ ಸಭಾಂಗಣ, 200ಕ್ಕೆ ಕಟ್ಟುಬೀಳುತ್ತದೆ. 2017ರ ಆದೇಶ ತಂತ್ರಜ್ಞಾನವನ್ನೂ ನೋಡಿತ್ತು, 2025ರದು ಕುರ್ಚಿಯನ್ನಷ್ಟೇ ನೋಡುತ್ತಿದೆ.

ಮಾಲ್ ಕಟ್ಟುವವರ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಮುನ್ನೂರು ಸೀಟಿನ ಒಂದು ದೊಡ್ಡ ಪರದೆ ಹಾಕಿದರೆ ದರ ಸರ್ಕಾರದ್ದು, ಅದೇ ಜಾಗವನ್ನು ಸೀಳಿ ಸಣ್ಣ ಸಣ್ಣ ಕೋಣೆ ಮಾಡಿದರೆ ದರ ನಮ್ಮದು. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಊಹಿಸಲು ಅರ್ಥಶಾಸ್ತ್ರ ಓದಿರಬೇಕಿಲ್ಲ. ಎಲ್ಲರಿಗೂ ಒಳ್ಳೆಯ ಸಿನಿಮಾ ಅನುಭವ ಅಗ್ಗವಾಗಿ ಸಿಗಲಿ ಎಂದು ತಂದ ನಿಯಮ ದೊಡ್ಡ ಪರದೆಯನ್ನೇ ನಷ್ಟದ ಬಾಬ್ತು ಮಾಡಿಬಿಡುವ ಅಪಾಯ ಇಲ್ಲಿದೆ. ಗಾಂಧಿನಗರದ ಕಪಾಲಿ ಸಾವಿರಕ್ಕೂ ಹೆಚ್ಚು ಸೀಟಿನ ಮಂದಿರ. 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿತು. ಆ ಜಾಗಕ್ಕೆ ಬಂದದ್ದು ಎಎಂಬಿ ಮಲ್ಟಿಪ್ಲೆಕ್ಸ್, ಭಾರತದ ಮೊದಲ ಆರು ಡಾಲ್ಬಿ ಸಿನಿಮಾ ಪರದೆಗಳೆಂದು ಘೋಷಣೆಯಾದ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಬೆಳಕಿಗೂ ಸದ್ದಿಗೂ ಕೋಟಿಗಟ್ಟಲೆ ಸುರಿಯುವ ಇಂಥ ಪರದೆ ಮುಂದೆ ಬೆಂಗಳೂರಿಗೆ ಬರಬೇಕೇ ಹೈದರಾಬಾದಿಗೆ ಹೋಗಬೇಕೇ ಎಂಬುದರಲ್ಲಿ ವಿನಾಯಿತಿಯ ಈ ಸಾಲಿಗೂ ಪಾತ್ರ ಇರುತ್ತದೆ.

ದರ ಇಳಿದರೆ ಜನ ಬರುತ್ತಾರೆ ಎಂಬ ಸರ್ಕಾರದ ನಂಬಿಕೆ ಹುಸಿಯಲ್ಲ. 2022ರ ಸೆಪ್ಟೆಂಬರ್ 23ರಂದು ದೇಶದಾದ್ಯಂತ 75 ರೂಪಾಯಿಗೆ ಟಿಕೆಟ್ ಕೊಟ್ಟಾಗ ಒಂದೇ ದಿನ 65 ಲಕ್ಷ ಜನ ಬಂದರು ಎಂದು ಮಲ್ಟಿಪ್ಲೆಕ್ಸ್‌ಗಳ ಸಂಘವೇ ಹೇಳಿಕೊಂಡಿತು. ಮಂಗಳವಾರದ ಅಗ್ಗದ ಟಿಕೆಟ್ ಯೋಜನೆಗಳೂ ಇದೇ ಪಾಠದಿಂದ ಹುಟ್ಟಿದವು. ಹಾಗಾಗಿ ದರ ಇಳಿಸಿದರೆ ಸತ್ತೇಹೋಗುತ್ತೇವೆ ಎಂಬ ಮಲ್ಟಿಪ್ಲೆಕ್ಸ್‌ಗಳ ಗೋಳನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಮಂಗಳವಾರ ಖಾಲಿ ಸೀಟು ತುಂಬಿಸುವುದು ಬೇರೆ, ಭಾನುವಾರ ಸಂಜೆಯ ತುಂಬಿದ ಸೀಟನ್ನು ಅಗ್ಗಕ್ಕೆ ಕೊಡುವುದು ಬೇರೆ.

ಕೆ.ಜಿ. ರಸ್ತೆಗೆ ಏನು ಸಿಕ್ಕಿತು?

ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿರುವಂಥ ಒಂಟಿ ಪರದೆಯ ಮಂದಿರಗಳಿಗೆ ಈ ಮಿತಿ ವರವಾಗುತ್ತದೆ ಎಂಬ ಅನಿಸಿಕೆ ಇದೆ. ನನಗೆ ಹಾಗೆ ಕಾಣುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಅಲ್ಲಿನ ಟಿಕೆಟ್ ಮೊದಲೇ 200ಕ್ಕಿಂತ ಕೆಳಗಿದೆ. ಮಾಲ್‌ನಲ್ಲಿ ನಾನೂರು, ಇಲ್ಲಿ ನೂರೈವತ್ತು ಎಂಬ ಅಂತರವೇ ಅವುಗಳ ಬಂಡವಾಳ. ಮಾಲ್‌ನಲ್ಲೂ 200ಕ್ಕೆ ಸಿಗುವುದಾದರೆ ಪಾರ್ಕಿಂಗ್, ಎಸಿ, ಮಕ್ಕಳಿಗೆ ಆಟದ ಜಾಗ ಎಲ್ಲ ಇರುವ ಕಡೆ ಜನ ಹೋಗುತ್ತಾರೆ.

ಒಂಟಿ ಪರದೆಗಳನ್ನು ಮುಚ್ಚಿಸುತ್ತಿರುವುದು ಟಿಕೆಟ್ ದರಕ್ಕಿಂತ ಹೆಚ್ಚಾಗಿ ಕಾಲಡಿಯ ನೆಲದ ಬೆಲೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಪ್ರದರ್ಶನ ನಡೆಸಿತು. ಸ್ಯಾಂಕಿ ರಸ್ತೆಯ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ಬಾಗಿಲು ಹಾಕಿತು. ಉಳಿದವರಲ್ಲಿ ಕೆಲವರು ಬೇರೆ ದಾರಿ ಹಿಡಿದಿದ್ದಾರೆ. ಲಾಲ್‌ಬಾಗ್ ರಸ್ತೆಯ ಊರ್ವಶಿ ದೊಡ್ಡ ಪರದೆ ಉಳಿಸಿಕೊಂಡೇ ಅಟ್ಮಾಸ್ ಹಾಕಿಸಿತು. ಎಂ.ಜಿ. ರಸ್ತೆಯ ಶಂಕರ್‌ನಾಗ್ ಚಿತ್ರಮಂದಿರ ಪ್ರೊಜೆಕ್ಟರನ್ನೇ ಬಿಟ್ಟು ಎಲ್‌ಇಡಿ ಪರದೆಗೆ ಹೋಯಿತು. ಚಿತ್ರದ ಗುಣಮಟ್ಟಕ್ಕೇ ದುಡ್ಡು ಹಾಕಿದ ಇಂಥವರಿಗೆ ನಿಯಮದಲ್ಲಿ ಒಂದು ಸಾಲಿನ ಉತ್ತೇಜನವೂ ಇಲ್ಲ.

ಕನ್ನಡ ಚಿತ್ರರಂಗ ಈ ವಿಷಯದಲ್ಲಿ ಒಂದೇ ದನಿಯಲ್ಲಿಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿ ಮಿತಿಯನ್ನು ಸ್ವಾಗತಿಸಿತು, ದೊಡ್ಡ ನಿರ್ಮಾಣ ಸಂಸ್ಥೆ ಕೋರ್ಟಿಗೆ ಹೋಯಿತು. ದೊಡ್ಡ ಚಿತ್ರಕ್ಕೆ ಮೊದಲ ಮೂರು ದಿನದ ದುಬಾರಿ ಟಿಕೆಟ್ಟೇ ಜೀವಾಳ, ಹಾಗಾಗಿ ಅವರ ವಿರೋಧ ಸಹಜ. ಸಣ್ಣ ಚಿತ್ರದ ಕಷ್ಟ ಬೇರೆಯೇ: ಬೆಳಿಗ್ಗೆ ಹತ್ತರ ಒಂದು ಪ್ರದರ್ಶನ, ಜನರ ಬಾಯಿಮಾತು ಹರಡುವ ಮೊದಲೇ ಸೋಮವಾರ ಎತ್ತಂಗಡಿ. ದರದ ಮಿತಿ ಇದನ್ನು ಸರಿಪಡಿಸದು, ಕೆಡಿಸಲೂಬಹುದು. ಓಡುವ ಚಿತ್ರಕ್ಕೆ ದರ ಏರಿಸುವಂತಿಲ್ಲದಿದ್ದರೆ ಮಂದಿರದವರು ಅದರ ಪ್ರದರ್ಶನಗಳನ್ನು ಏರಿಸುತ್ತಾರೆ. ಜಾಗ ಹೋಗುವುದು ಸಣ್ಣ ಚಿತ್ರದ್ದು.

ಮುಂದೇನಾಗಬಹುದು

ಸರ್ಕಾರ ಗೆದ್ದರೆ ಮಾಲ್‌ಗಳ ವಾರಾಂತ್ಯದ ದರ ಇಳಿಯುತ್ತದೆ, ಮಧ್ಯಮ ವರ್ಗದ ಸಂಸಾರಗಳಿಗೆ ಅದು ನಿಜವಾದ ಅನುಕೂಲ, ಅಲ್ಲಗಳೆಯುವಂತಿಲ್ಲ. ಅದರ ಬೆನ್ನಿಗೇ ಸಣ್ಣ ಐಷಾರಾಮಿ ಕೋಣೆಗಳು ಹೆಚ್ಚುತ್ತವೆ, ದೀಪ ಬದಲಿಸುವಂಥ ಕಾಣದ ಖರ್ಚುಗಳಿಗೆ ಕತ್ತರಿ ಬೀಳುತ್ತದೆ. ಮಲ್ಟಿಪ್ಲೆಕ್ಸ್‌ಗಳು ಗೆದ್ದರೆ ಈಗಿನಂತೆ ಬೇಡಿಕೆ ನೋಡಿ ದರ ಏರುತ್ತದೆ, ಇಳಿಯುತ್ತದೆ. ಎರಡರಲ್ಲೂ ಪರದೆಯ ಬೆಳಕನ್ನು ಅಳೆಯುವವರು ಯಾರೂ ಇಲ್ಲ.

ಸರ್ಕಾರ ನಿಯಮವನ್ನು ಮತ್ತೆ ಬರೆಯುವ ಸಂದರ್ಭ ಬಂದರೆ ಮಾಡಬಹುದಾದದ್ದು ಕಷ್ಟದ್ದಲ್ಲ. ವಿನಾಯಿತಿಯನ್ನು ಸೀಟಿನ ಸಂಖ್ಯೆಯಿಂದ ಬಿಡಿಸಿ ಪರದೆಯ ಗಾತ್ರ, ಪ್ರಕಾಶ, ಧ್ವನಿಗೆ ಕಟ್ಟಬಹುದು. ಎಲ್ಲ ಸೀಟಿಗೂ ಒಂದೇ ಮಿತಿ ಹೇರುವ ಬದಲು ಪ್ರತಿ ಪ್ರದರ್ಶನದಲ್ಲೂ ಒಂದಿಷ್ಟು ಪಾಲು ಸೀಟನ್ನು ಅಗ್ಗಕ್ಕೆ ಇಡಲು ಹೇಳಬಹುದು. ಹಳೆಯ ಮಂದಿರಗಳ ಗಾಂಧಿ ಕ್ಲಾಸ್ ಮಾಡುತ್ತಿದ್ದುದು ಇದನ್ನೇ: ಅದೇ ಪರದೆ, ಅದೇ ಸದ್ದು, ಮುಂದಿನ ಸಾಲು, ಕಡಿಮೆ ದುಡ್ಡು. ಚಿತ್ರ ಶುರುವಾಗುವ ನಿಜವಾದ ಸಮಯವನ್ನು ಟಿಕೆಟ್ ಮೇಲೆ ಮುದ್ರಿಸಲು ಖರ್ಚೇ ಇಲ್ಲ. ಪರವಾನಗಿ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ತಕರಾರಿರುವುದು ದರ ಕಟ್ಟುವುದರಲ್ಲಿ. ಅದೇ ಪರವಾನಗಿಯ ಷರತ್ತುಗಳಲ್ಲಿ ವರ್ಷಕ್ಕೊಮ್ಮೆ ಪರದೆಯ ಪ್ರಕಾಶ, ಧ್ವನಿಯ ಮಟ್ಟ ಅಳೆದು ಟಿಕೆಟ್ ಕೌಂಟರಿನ ಮುಂದೆ ಬರೆದು ಹಾಕಬೇಕೆಂದು ಸೇರಿಸಿದರೆ, ಐನೂರು ಕೊಡುವವರಿಗೂ ನೂರೈವತ್ತು ಕೊಡುವವರಿಗೂ ತಾವು ಕೊಂಡದ್ದೇನು ಎಂದು ಒಳಗೆ ಹೋಗುವ ಮೊದಲೇ ತಿಳಿಯುತ್ತದೆ.